ಪಾಟಿಚೀಲದಲ್ಲಿ ಬಿಸಿಲು

ಗುಂಡಿಯನ್ನೊತ್ತಿದೊಡನೆ ದೀಪ ಬೆಳಗುವ ಜಯನಗರ, ಬನಶಂಕರಿಗಳ ಮನೆಗಳಲ್ಲಿ ಬೆಳೆಯುವ ಮಗುವಿಗೆ, ವಿದ್ಯುತ್ತು ಗೋಡೆಯೊಳಗೇ ಹುಟ್ಟುತ್ತದೆಂದು ತೋರಿದರೆ ಸೋಜಿಗವಿಲ್ಲ. ದೀಪ ಆರಿದಾಗಲಷ್ಟೇ ಅದರ ತವರು ಯಾವುದೆಂಬ ಪ್ರಶ್ನೆ ಏಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮಳೆ ಬಂದಂತೆಲ್ಲ ಮರಳಿ ದೊರೆಯುವ ಶಕ್ತಿಯದು. ಬಿಸಿಲೂ ಅಂಥದೇ.

ಆದರೆ ತಂತಿ ತಲುಪದ, ತಲುಪಿದರೂ ಸಂಜೆಯಾದರೆ ದೀಪ ಹತ್ತದ ಹಳ್ಳಿಗಳ ಮಕ್ಕಳು ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಓದಿದ್ದುಂಟು. ಜೆ.ಪಿ. ನಗರದಲ್ಲಿ ಕಚೇರಿಯುಳ್ಳ ಸೆಲ್ಕೊ ಸಂಸ್ಥೆ ಇಂಥ ಮಕ್ಕಳಿಗಾಗಿ ಒಂದು ಯೋಜನೆಯನ್ನು ರೂಪಿಸಿತು. 1995ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಯೋಜನೆ ಸರಳವಾದುದು. ಸೌರಫಲಕಗಳು ಶಾಲೆಯಲ್ಲಿ, ದೀಪ ಮನೆಯಲ್ಲಿ, ನಡುವೆ ಓಡಾಡುವುದು ಒಂದು ಪುಟ್ಟ ಬ್ಯಾಟರಿ. ಮಗು ಅದನ್ನು ಪುಸ್ತಕಗಳೊಡನೆ ಶಾಲೆಗೆ ತರಬೇಕು. ಪಾಠ ನಡೆಯುತ್ತಿರುವಾಗ ಬಿಸಿಲು ಅದನ್ನು ತುಂಬುತ್ತದೆ. ಸಂಜೆ ಅದೇ ಬ್ಯಾಟರಿ ಮನೆಯ ದೀಪವನ್ನು ಬೆಳಗಿಸುತ್ತದೆ. ಶಾಲೆ ತಪ್ಪಿಸಿದರೆ ಬೆಳಕೂ ತಪ್ಪೀತು! ಹೀಗೆ ಮನೆಗೆ ಬೆಳಕು ತರುವ ಹೊಣೆ ಮಗುವಿನದೇ ಆಯಿತು. ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸುವ ಆಸೆ ತಾಯಿತಂದೆಯರದಾಯಿತು.

ಪಟ್ಟಣದ ಮಕ್ಕಳಿಗೂ ಈ ಪಾಠ ಕೈಗೆಟುಕದ್ದೇನಲ್ಲ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಇನ್ನೊಂದನ್ನಿಟ್ಟು, ನಡುವಣ ಸಂದಿಗೆ ಹಳೆಯ ಪತ್ರಿಕೆಗಳನ್ನು ತುರುಕಬೇಕು. ಒಳಮೈಗೆ ಕಪ್ಪು ಕಾಗದ, ಬಾಯಿಗೆ ಗಾಜು, ತೆರೆದ ಮುಚ್ಚಳಕ್ಕೆ ಹೊಳೆಯುವ ತಗಡಿನ ಕಾಗದ. ಇಷ್ಟಾದರೆ ಸೌರ ಒಲೆ ಸಿದ್ಧ. ಗಾಜಿನ ಕೆಲಸ ಮಾತ್ರ ಹಿರಿಯರದು. ಒಳಹೊಕ್ಕ ಬೆಳಕನ್ನು ಕಪ್ಪು ಬಣ್ಣ ಹೀರಿ ಕಾವಾಗಿಸುತ್ತದೆ. ಆ ಕಾವನ್ನು ಗಾಜು ಸುಲಭವಾಗಿ ಹೊರಬಿಡದು. ಬೇಸಗೆಯ ಬೆಳಗ್ಗೆ ತಾರಸಿಯ ಮೇಲೆ, ಕಪ್ಪು ಬಳಿದ ಪಾತ್ರೆಯಲ್ಲಿ ನೆನೆಸಿದ ಅಕ್ಕಿಯನ್ನಿಟ್ಟರೆ, ಮಧ್ಯಾಹ್ನದ ಊಟಕ್ಕೆ ಅನ್ನವಾದೀತು.

ಒಮ್ಮೊಮ್ಮೆ ಮೋಡ ಕವಿದು ಅಕ್ಕಿ ಅರೆಬೆಂದೇ ಉಳಿಯಬಹುದು. ಅಂದು ಮಗುವನ್ನು ಸಮಾಧಾನಪಡಿಸುವ ಅವಸರ ಬೇಡ. ಬಿಸಿಲಿದ್ದಾಗ ದೊರೆತುದನ್ನು ಬಿಸಿಲಿಲ್ಲದ ಹೊತ್ತಿಗೆ ಕೂಡಿಡಬೇಕೆಂಬ ಮಾತು ಆಗಲೇ ಅದಕ್ಕೆ ಹೊಳೆಯುವುದು. ಹಳ್ಳಿಯ ಮಗು ದಿನವೂ ಚೀಲದಲ್ಲಿ ಹೊತ್ತು ನಡೆದುದೂ ಅದೇ ಪಾಠವನ್ನು.