‘ಎಂಬಿಎ ಯಾಕೆ?’: ಉತ್ತರ ಊರಿನಲ್ಲೇ ಇದೆ

ಬಿಸಿನೆಸ್ ಸ್ಕೂಲಿನ ಬಾಗಿಲು ಕ್ಯಾಟ್ ಪ್ರವೇಶ ಪರೀಕ್ಷೆಯ ಪರ್ಸೆಂಟೈಲ್ ಒಂದರಿಂದಲೇ ತೆರೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಐಐಎಂ ಬೆಂಗಳೂರಿನಂಥ ಸಂಸ್ಥೆಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ತೂಗುತ್ತವೆ; ಆಮೇಲೆ ಬರಹ ಪರೀಕ್ಷೆ, ಸಂದರ್ಶನ. ಹಳೆಯ ಅಂಕಗಳನ್ನು ಯಾರೂ ತಿದ್ದಲಾರರು. ಅರ್ಜಿ ಹಾಕುವವರ ಕೈಯಲ್ಲಿ ಉಳಿಯುವುದು ‘ಎಂಬಿಎ ಯಾಕೆ, ಮುಂದೇನು?’ ಎಂಬುದಕ್ಕೆ ಕೊಡುವ ಉತ್ತರ. ಅದನ್ನೇ ಅನೇಕರು ಎರವಲು ತರುತ್ತಾರೆ: ‘ನಾಯಕತ್ವ ಬೆಳೆಸಿಕೊಳ್ಳಬೇಕು’, ‘ಕನ್ಸಲ್ಟಿಂಗ್‌ಗೆ ಹೋಗಬೇಕು’. ಅರ್ಜಿಯ ಮೇಲಿನ ಹೆಸರು ಬದಲಿಸಿದರೂ ಹೊಂದುವ ಮಾತುಗಳಿವು. ತಾನು ಹತ್ತಿರದಿಂದ ಕಂಡ ಒಂದು ತೊಡಕು, ಅದನ್ನು ಬಿಡಿಸಲು ತನಗೆ ಇನ್ನೂ ಬಾರದ ವಿದ್ಯೆ, ಇವೆರಡನ್ನೂ ಹೇಳಬಲ್ಲವರ ಗುರಿ ಮಾತ್ರ ಸ್ಪಷ್ಟವಾದದ್ದು.

ಅಂಥ ತೊಡಕುಗಳಿಗೆ ದೇವಸ್ಥಾನದ ಊರಾದ ಕೊಲ್ಲೂರಿನಲ್ಲಿ ಬರವಿಲ್ಲ. ಮೂಕಾಂಬಿಕೆಯ ದರ್ಶನಕ್ಕೆ ಕೇರಳ, ತಮಿಳುನಾಡಿನಿಂದಲೂ ಜನ ಬರುತ್ತಾರೆ. ನವರಾತ್ರಿಯಲ್ಲಿ, ವಿಜಯದಶಮಿಯ ವಿದ್ಯಾರಂಭದ ಹೊತ್ತಿಗೆ ರೂಮು ಸಿಗುವುದೇ ಕಷ್ಟ. ಜಡಿಮಳೆಯ ದಿನಗಳ ಲೆಕ್ಕ ಬೇರೆ. ಖಾಲಿ ದಿನಗಳಲ್ಲಿ ಬಾಡಿಗೆ ಎಷ್ಟು ಇಳಿಸಬೇಕು, ಕೆಲಸದವರ ಸಂಬಳಕ್ಕೆ ದುಡ್ಡು ಎಲ್ಲಿಂದ, ಬುಕಿಂಗ್ ಆ್ಯಪ್‌ಗೆ ಕೊಡುವ ಕಮಿಷನ್ ಗಿಟ್ಟುತ್ತದೆಯೇ? ತನ್ನ ಮನೆಯವರ ಲಾಡ್ಜಿನ ಒಂದು ವರ್ಷದ ರಿಜಿಸ್ಟರನ್ನು ತಿಂಗಳುವಾರು ಬಿಡಿಸಿ ಬರೆದುಕೊಂಡ ಹುಡುಗಿಗೆ ಬೆಲೆ ನಿರ್ಧಾರ, ದುಡಿಯುವ ಬಂಡವಾಳ ಎಂಬ ಪಾಠಗಳು ತನಗೇಕೆ ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ವ್ಯಾಪಾರ ಇಲ್ಲದವರಿಗೆ ಗಂಗೊಳ್ಳಿಯ ಮೀನಿನ ಹರಾಜು ಇದೆ, ಗೇರುಬೀಜದ ಕಾರ್ಖಾನೆ ಇದೆ, ಊರಿನ ಸಹಕಾರಿ ಸಂಘ ಇದೆ.

ಈ ಕರಾವಳಿಯ ಉದ್ಯಮ ಬೆಳೆದದ್ದೂ ಇಂಥ ತೊಡಕುಗಳನ್ನು ಹತ್ತಿರದಿಂದ ಕಂಡೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಿತು. ದಿನಗೂಲಿಯವರು ಬ್ಯಾಂಕಿನ ಮೆಟ್ಟಿಲು ಏಕೆ ಹತ್ತುವುದಿಲ್ಲ ಎಂದು ಕಂಡವರಿಗಷ್ಟೇ ಹೊಳೆಯುವ ಉಪಾಯವದು. ಆ ಬ್ಯಾಂಕನ್ನು ಬೆಳೆಸಿದ ಟಿ.ಎ. ಪೈ ಅವರೇ 1980ರಲ್ಲಿ ಮಣಿಪಾಲದಲ್ಲಿ ಇಂದಿನ ಟ್ಯಾಪ್ಮಿ ಎಂಬ ಬಿಸಿನೆಸ್ ಸ್ಕೂಲನ್ನು ಸ್ಥಾಪಿಸಿದರು. ಕೋಟದ ಬಳಿಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು, ಬೆಂಗಳೂರಿನ ಎಂಟಿಆರ್ ಹೋಟೆಲಿನವರು, 1951ರಲ್ಲಿ ಯುರೋಪಿಗೆ ಹೋದಾಗ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಗಮನಿಸಿ ಬಂದು ಇಲ್ಲಿ ಅಳವಡಿಸಿದರು. ವರ್ಷಗಟ್ಟಲೆ ಅಡುಗೆಮನೆ ನಡೆಸಿದ್ದರಿಂದಲೇ ಅಲ್ಲಿ ಏನನ್ನು ನೋಡಬೇಕೆಂದು ಅವರಿಗೆ ತಿಳಿದಿತ್ತು.

ಇಪ್ಪತ್ತೊಂದರ ಹರೆಯದಲ್ಲಿ ಗುರಿ ಹೇಗೆ ಸ್ಪಷ್ಟವಾದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಓದುತ್ತಾ ಗುರಿ ಬದಲಾಗಲಿ, ತಪ್ಪೇನಿಲ್ಲ. ಸಂದರ್ಶಕರು ನೋಡುವುದು ಈ ಗುರಿಗೆ ತಲುಪಿದ ಯೋಚನೆಯ ದಾರಿಯನ್ನು. ಲಾಡ್ಜು, ಮೀನು ಎಂದರೆ ಹಳ್ಳಿಯವರೆಂದು ಹಗುರವಾಗಿ ಕಂಡಾರು ಎಂಬ ಅಳುಕೂ ಇದೆ. ಆದರೆ ಎರವಲು ಗುರಿ ಎರಡನೇ ಪ್ರಶ್ನೆಗೇ ತಡವರಿಸುತ್ತದೆ. ಸ್ವಂತ ಲೆಕ್ಕ ಇಟ್ಟವರು ಹತ್ತನೆಯದಕ್ಕೂ ಮಾತಾಡಬಲ್ಲರು. ಶಿಫಾರಸು ಪತ್ರ ಕೇಳುವ ಕಡೆಯೂ ಅಷ್ಟೇ: ಹೆಸರಷ್ಟೇ ಗೊತ್ತಿರುವ ಗಣ್ಯರಿಗಿಂತ ಕೆಲಸ ಕಣ್ಣಾರೆ ಕಂಡ ಮ್ಯಾನೇಜರ್ ಬರೆದದ್ದಕ್ಕೆ ತೂಕ ಹೆಚ್ಚು.

ಇನ್ನು ದುಡ್ಡಿನ ಮಾತು. ಐಐಎಂ ಬೆಂಗಳೂರಿನ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ಮೀರುತ್ತದೆ. ಊರಿಗೇ ಮರಳಿ ಸಣ್ಣ ಉದ್ಯಮ ನಡೆಸುವುದು ಗುರಿಯಾದರೆ ಸಾಲದ ಕಂತನ್ನು ಆ ಆದಾಯ ಹೊರುತ್ತದೆಯೇ ಎಂದು ಮೊದಲೇ ಕೂಡಿ ಕಳೆದು ನೋಡಬೇಕು. ಹೊರದಿದ್ದರೆ ರಾಜ್ಯದ ಪಿಜಿಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದಾದ ಹತ್ತಿರದ ಕಾಲೇಜನ್ನು ಆರಿಸಬಹುದು. ಎಂಬಿಎ ಬಿಟ್ಟು ಲೆಕ್ಕಪತ್ರದ ಒಂದು ಕೋರ್ಸ್ ಮುಗಿಸುವುದೇ ಸರಿ ಎಂದೂ ಕೆಲವರಿಗೆ ಅನಿಸಬಹುದು, ಅದಕ್ಕೆ ನಾಚಬೇಕಾಗಿಲ್ಲ.