ಎರಡನೇ ಕಣ್ಣಿನ ಪೊರೆ ಆಪರೇಷನ್ ಆಯ್ತು, ಇನ್ಮೇಲೆ ದೃಷ್ಟಿ ಹೇಗಿರತ್ತೆ?

ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಒಂದು ಕಣ್ಣಿನ ಪೊರೆ ಆಪರೇಷನ್ ಮುಗಿದು, ಈಗ ಎರಡನೇ ಕಣ್ಣಿನ ಸರದಿ ಬಂದಿರೋ ಕೇಳುಗರು ನಿಮ್ಮಲ್ಲಿ ತುಂಬಾ ಜನ ಇರ್ತೀರ. ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಡ್ರಾಪ್ಸ್ ಹಾಕೋದು ಹೆಚ್ಚಾಗಿ ನಮ್ಮಂಥವರ ಕೆಲಸವೇ. ಹಾಗಾಗಿ ಇವತ್ತು ಒಂದೇ ಪ್ರಶ್ನೆ ಇಟ್ಕೊಂಡು ಮಾತಾಡ್ತೀನಿ: ಎರಡನೇ ಕಣ್ಣು ಆದ ಮೇಲೆ ಏನನ್ನ ನಿರೀಕ್ಷೆ ಮಾಡಬಹುದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು?

‘ಮೊದಲನೇ ಸಲದಷ್ಟು ಚೆನ್ನಾಗಿಲ್ಲ’ ಅನ್ಸೋದು ಯಾಕೆ?

ಈ ಮಾತು ತುಂಬಾ ಮನೆಗಳಲ್ಲಿ ಕೇಳಿಬರತ್ತೆ. ಕಾರಣ ಸರಳ. ಪೊರೆ ಅಂದ್ರೆ ಕಣ್ಣೊಳಗಿನ ನಮ್ಮದೇ ಲೆನ್ಸ್ ವಯಸ್ಸಾಗ್ತಾ ಮಸುಕಾಗಿ, ಹಳದಿಯಾಗೋದು. ಮೊದಲನೇ ಕಣ್ಣಿಗೆ ಹೊಸ ಲೆನ್ಸ್ ಹಾಕಿದಾಗ ಅದರ ಹೋಲಿಕೆ ಇನ್ನೊಂದು ಮಸುಕು ಕಣ್ಣಿನ ಜೊತೆ. ಬಿಳಿ ಗೋಡೆ ಒಂದು ಕಣ್ಣಿಗೆ ಬಿಳಿ, ಇನ್ನೊಂದಕ್ಕೆ ಹಳದಿ. ವ್ಯತ್ಯಾಸ ದೊಡ್ಡದು, ಖುಷಿನೂ ದೊಡ್ಡದು. ಎರಡನೇ ಸಲ ಹೋಲಿಕೆ ಆಗಲೇ ವಾಸಿಯಾಗಿರೋ ಕಣ್ಣಿನ ಜೊತೆ. ಈ ಕಣ್ಣಲ್ಲಿ ಇನ್ನೂ ಊತ ಇದೆ, ಪಾಪೆ ಅಗಲ ಮಾಡೋ ಔಷಧಿಯ ಪ್ರಭಾವ ಇದೆ. ಮೊದಲ ಒಂದೆರಡು ದಿನ ಮಂಜು ಮಂಜಾಗಿ ಕಂಡರೆ ಆಪರೇಷನ್ ಕೆಟ್ಟಿದೆ ಅಂತ ಅರ್ಥ ಅಲ್ಲ.

ಇನ್ನೊಂದು ವಿಷಯ. ಮೊದಲ ಸಲ ನೋವೇ ಆಗಲಿಲ್ಲ, ಈ ಸಲ ಸ್ವಲ್ಪ ಗೊತ್ತಾಯ್ತು ಅಂತನೂ ಹಲವರು ಹೇಳ್ತಾರೆ. ಇದೂ ಅಪರೂಪ ಅಲ್ಲ.

ನಿಜವಾದ ಲಾಭ: ಎರಡೂ ಕಣ್ಣು ಜೊತೆಯಾಗಿ

ಎರಡು ಆಪರೇಷನ್‌ಗಳ ನಡುವಿನ ದಿನಗಳಲ್ಲಿ ಎರಡು ಕಣ್ಣಿನ ಪವರ್ ಬೇರೆ ಬೇರೆ ಇರಬಹುದು. ಹಳೇ ಕನ್ನಡಕ ಹಾಕಿದರೂ ಕಷ್ಟ, ತೆಗೆದರೂ ಕಷ್ಟ. ಮೆಟ್ಟಿಲು ಇಳಿಯೋವಾಗ ಅಂದಾಜು ತಪ್ಪೋದು, ಲೋಟಕ್ಕೆ ನೀರು ಹಾಕೋವಾಗ ಚೆಲ್ಲೋದು, ತಲೆನೋವು ಇವೆಲ್ಲ ಆಗಬಹುದು. ಎರಡನೇ ಕಣ್ಣು ಸರಿಹೋದ ಮೇಲೆ ಮೆದುಳಿಗೆ ಎರಡೂ ಕಡೆಯಿಂದ ಒಂದೇ ತರಹದ ಚಿತ್ರ ಸಿಗತ್ತೆ. ದೂರ, ಆಳದ ಅಂದಾಜು ಸುಧಾರಿಸತ್ತೆ. ವಯಸ್ಸಾದವರಿಗೆ ಬೀಳದೆ ನಡೆಯೋದು ಎಷ್ಟು ಮುಖ್ಯ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಕನ್ನಡಕ ಪೂರ್ತಿ ಹೋಗತ್ತಾ?

ಹೆಚ್ಚಿನವರಿಗೆ ಹಾಕೋದು ಮೊನೊಫೋಕಲ್ ಲೆನ್ಸ್. ಸಾಮಾನ್ಯವಾಗಿ ಅದನ್ನ ದೂರದ ದೃಷ್ಟಿಗೆ ಹೊಂದಿಸಿರ್ತಾರೆ. ಬಸ್ ಬೋರ್ಡ್, ಟೀವಿ ಚೆನ್ನಾಗಿ ಕಾಣತ್ತೆ. ಪೇಪರ್ ಓದೋಕೆ, ವಾಟ್ಸಾಪ್ ನೋಡೋಕೆ, ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬೇಕೇ ಬೇಕಾಗತ್ತೆ. ಅದು ಸೋಲಲ್ಲ, ಆ ಲೆನ್ಸಿನ ಸ್ವಭಾವ. ಮಲ್ಟಿಫೋಕಲ್ ಹಾಕಿಸಿಕೊಂಡರೆ ಹತ್ತಿರದ್ದಕ್ಕೂ ಕನ್ನಡಕದ ಅವಲಂಬನೆ ಕಡಿಮೆ ಆಗಬಹುದು, ಆದ್ರೆ ರಾತ್ರಿ ಹೆಡ್‌ಲೈಟ್ ಸುತ್ತ ಬಳೆ ಬಳೆಯಾಗಿ ಕಾಣೋ ಸಾಧ್ಯತೆ ಜಾಸ್ತಿ.

ಒಂದು ಕಾಲದಲ್ಲಿ ಪೊರೆ ತೆಗೆದ ಮೇಲೆ ಲೆನ್ಸ್ ಹಾಕ್ತಿರಲಿಲ್ಲ. ಸೋಡಾ ಗ್ಲಾಸಿನಂಥ ದಪ್ಪ ಕನ್ನಡಕವೇ ಗತಿ. ಕಣ್ಣೊಳಗೆ ಲೆನ್ಸ್ ಇಡೋ ದಾರಿ ತೆರೆದಿದ್ದು ಲಂಡನ್ನಿನ ಹೆರಾಲ್ಡ್ ರಿಡ್ಲೆ, 1949ರಲ್ಲಿ.

ಹೊಸ ಕನ್ನಡಕಕ್ಕೆ ಅವಸರ ಬೇಡ. ಕಣ್ಣು ವಾಸಿಯಾಗ್ತಾ ಪವರ್ ಸ್ವಲ್ಪ ಬದಲಾಗತ್ತೆ. ಸಾಮಾನ್ಯವಾಗಿ 4ರಿಂದ 6 ವಾರ ಆದ ಮೇಲೆ ಪರೀಕ್ಷೆ ಮಾಡಿ ಬರೆದುಕೊಡ್ತಾರೆ. ಅಲ್ಲಿವರೆಗೆ ಫೋನಿನ ಅಕ್ಷರ ದೊಡ್ಡದು ಮಾಡಿಕೊಡಿ, ಅರ್ಧ ಗಲಾಟೆ ಕಡಿಮೆ ಆಗತ್ತೆ.

ಸಹಜವಾದದ್ದು

ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚೋದು, ನೀರು ಬರೋದು, ಬೆಳಕು ಜಾಸ್ತಿ ಅನ್ಸೋದು, ಬಣ್ಣ ಸ್ವಲ್ಪ ನೀಲಿಯಾಗಿ ಕಾಣೋದು. ಕೆಲವರಿಗೆ ಕಿವಿಯ ಕಡೆಯ ಅಂಚಿನಲ್ಲಿ ಚಂದ್ರನ ಆಕಾರದ ನೆರಳು ಕಾಣಬಹುದು. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿ. ಹೆಚ್ಚಿನವರಲ್ಲಿ ಇದು ವಾರಗಳು, ತಿಂಗಳುಗಳು ಕಳೆದಂತೆ ಮರೆಯಾಗತ್ತೆ.

ತಕ್ಷಣ ಓಡಬೇಕಾದದ್ದು

ಇದನ್ನ ಮಾತ್ರ ಗಮನ ಇಟ್ಟು ಕೇಳಿ. ನೋವು ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ರೆ, ಕೆಂಪು ಹೆಚ್ಚುತ್ತಿದ್ರೆ, ಕೀವು ಬಂದ್ರೆ, ನಿನ್ನೆ ಕಂಡಿದ್ದು ಇವತ್ತು ಕಾಣದೇ ಹೋದ್ರೆ, ಮಿಂಚು ಹೊಡೆದಂತೆ ಆದ್ರೆ, ಕಪ್ಪು ಚುಕ್ಕೆಗಳು ಇದ್ದಕ್ಕಿದ್ದಂತೆ ಹೆಚ್ಚಾದ್ರೆ, ಪರದೆ ಎಳೆದಂತೆ ಒಂದು ಕಡೆ ಕತ್ತಲಾದ್ರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೋಂಕು ಅಥವಾ ರೆಟಿನಾ ಕಳಚೋದು ಅಪರೂಪ. ಆದ್ರೆ ಆದಾಗ ಗಂಟೆಗಳೇ ಲೆಕ್ಕಕ್ಕೆ ಬರತ್ತೆ. ‘ಭಾನುವಾರ ಕಳೀಲಿ’ ಅಂತ ಕಾಯಬೇಡಿ. ಹಿರಿಯರು ನಮಗೆ ತೊಂದರೆ ಆಗಬಾರದು ಅಂತ ನೋವು ಮುಚ್ಚಿಡ್ತಾರೆ. ‘ಚೆನ್ನಾಗಿದ್ದೀಯಾ?’ ಅಂದ್ರೆ ‘ಹೂಂ’ ಅಂದುಬಿಡ್ತಾರೆ. ಅದರ ಬದಲು ‘ಕ್ಯಾಲೆಂಡರ್ ತಾರೀಖು ನಿನ್ನೆಯಷ್ಟೇ ಕಾಣತ್ತಾ?’ ಅಂತ ಕೇಳಿ.

ತಿಂಗಳುಗಳ ನಂತರ ಮತ್ತೆ ಮಸುಕಾದ್ರೆ?

‘ಪೊರೆ ಮತ್ತೆ ಬಂತು’ ಅಂತಾರೆ. ಪೊರೆ ಮತ್ತೆ ಬರಲ್ಲ, ಯಾಕಂದ್ರೆ ಆ ಲೆನ್ಸೇ ಈಗ ಇಲ್ಲ. ಹೊಸ ಲೆನ್ಸಿನ ಹಿಂದಿರೋ ತೆಳು ಚೀಲ ಮಬ್ಬಾಗಿರಬಹುದು. ಪರೀಕ್ಷೆಯಲ್ಲಿ ಅದೇ ಕಾರಣ ಅಂತ ಗೊತ್ತಾದ್ರೆ, ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿ ಮಾಡ್ತಾರೆ. ಸಕ್ಕರೆ ಕಾಯಿಲೆ, ಗ್ಲುಕೋಮಾ ಇದ್ದವರಿಗೆ ಮಾತ್ರ ಪೊರೆ ತೆಗೆದರೂ ದೃಷ್ಟಿಗೆ ಮಿತಿ ಇರಬಹುದು. ಅದನ್ನ ಆಪರೇಷನ್‌ಗೆ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಕೊನೆಗೆ ನಿಮ್ಮ ಫೋನಿಗೆ ಮೂರು ಕೆಲಸ. ಡ್ರಾಪ್ಸ್‌ಗೆ ಅಲಾರಂ ಇಡಿ. ಒಂದು ಕಣ್ಣು ಸರಿಹೋಗಿದೆ ಅಂತ ಇನ್ನೊಂದರ ಡ್ರಾಪ್ಸ್ ನಿಲ್ಲಿಸಬೇಡಿ. ಡಿಸ್ಚಾರ್ಜ್ ಚೀಟಿಯ, ಲೆನ್ಸ್ ಕಾರ್ಡಿನ ಫೋಟೋ ತೆಗೆದಿಡಿ. ಆಸ್ಪತ್ರೆಯ ತುರ್ತು ನಂಬರ್ ಸೇವ್ ಮಾಡಿ, ನಿಮ್ಮ ಫೋನಲ್ಲಷ್ಟೇ ಅಲ್ಲ, ಅವರ ಫೋನಲ್ಲೂ. ಮುಂದಿನ ಸಂಚಿಕೆಯಲ್ಲಿ ಸಿಗೋಣ.