ಎಂಜಿನಿನ ಗಾತ್ರವೂ ಗಾಡಿಯ ಚೌಕಟ್ಟೂ

ಹೋದ ವರ್ಷ ಕೊಡಂಬಲದ ಇಬ್ಬರು ವಿದ್ಯಾರ್ಥಿಗಳು ತಾವೇ ಕಬ್ಬಿಣದ ಕೊಳವೆಗಳನ್ನು ಬೆಸೆದು ಕಟ್ಟಿದ ನಾಲ್ಕು ಚಕ್ರದ ಗಾಡಿಯೊಂದನ್ನು ಪ್ರಕೃತ ಲೇಖಕನಿಗೆ ತೋರಿಸಿದರು. ಹಳೆಯ ಮೋಟಾರ್ ಸೈಕಲ್ಲೊಂದರ ೧೦೦ ಘನ ಸೆಂಟಿಮೀಟರಿನ ಎಂಜಿನು ಅದಕ್ಕಿದ್ದಿತು. ಹೊಲದ ಸಮನೆಲದಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಆ ಗಾಡಿಯು ಇಬ್ಬರನ್ನು ಹೊತ್ತು ಏರನ್ನು ಹತ್ತಲಾರದೆ ನಿಂತುಬಿಡುತ್ತಿದ್ದಿತು. ಗುಜರಿಯಲ್ಲಿ ದೊರೆಯುವ ಮಾರುತಿ ೮೦೦ ಕಾರಿನ ಎಂಜಿನನ್ನು ಅದಕ್ಕೆ ಕೂಡಿಸಬಹುದೆ ಎಂಬುದು ಅವರ ಪ್ರಶ್ನೆ. ಇದನ್ನು ಇತಿಹಾಸದ ಅಧ್ಯಾಪಕನಲ್ಲಿ ಕೇಳುವುದೇಕೆಂದು ವಾಚಕರು ನಗಬಹುದು. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದರ ಒಂದು ಅಧ್ಯಾಯವು ನಮ್ಮ ಬೆಂಗಳೂರಿನಲ್ಲಿಯೇ ನಡೆದುದಾಗಿದೆ.

ಮನೆಯಲ್ಲಿ ಕಾರು ಕಟ್ಟುವ ಹವ್ಯಾಸವು ಪ್ರಬಲವಾಗಿ ಬೆಳೆದುದು ಇಂಗ್ಲೆಂಡಿನಲ್ಲಿ. ೧೯೨೨ರಲ್ಲಿ ಹುಟ್ಟಿ ೧೯೩೯ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಹಳೆಯ ಚೌಕಟ್ಟುಗಳು ಯುದ್ಧಾನಂತರ ಅಗ್ಗವಾಗಿ ದೊರೆಯುತ್ತಿದ್ದವು. ಕಾಲಿನ್ ಚಾಪ್‌ಮನ್ನನು ೧೯೪೮ರಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದುದು ಅಂಥದೊಂದರ ಮೇಲೆಯೇ. ಅವನ ಲೋಟಸ್ ಸಂಸ್ಥೆಯು ೧೯೫೭ರಿಂದ ಲೋಟಸ್ ಸೆವೆನ್ ಎಂಬ ಕಾರನ್ನು ಬಿಡಿಭಾಗಗಳ ಕಟ್ಟಿನ ರೂಪದಲ್ಲಿ, ಅಂದರೆ ಕಿಟ್ ಕಾರಾಗಿ ಮಾರಿತು. ಕೊಂಡವನೇ ಜೋಡಿಸಿಕೊಂಡರೆ ಆ ದೇಶದ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ೧೯೭೩ರಲ್ಲಿ ತೆರಿಗೆಯ ಪದ್ಧತಿ ಬದಲಾಗುವವರೆಗೂ ಈ ಅನುಕೂಲವಿದ್ದಿತು. ಮೊದಲು ೧೧೭೨ ಘನ ಸೆಂಟಿಮೀಟರಿನ ಫೋರ್ಡ್ ಎಂಜಿನನ್ನು ಹೊತ್ತಿದ್ದ ಈ ಕಾರಿಗೆ ೧೯೬೨ರ ಸುಮಾರಿಗೆ ೧೪೯೮ ಘನ ಸೆಂಟಿಮೀಟರಿನದು ಬಂದಿತು. ಆಗ ಮುಂದಿನ ಚಕ್ರಗಳ ಡ್ರಮ್ ಬ್ರೇಕುಗಳನ್ನು ತೆಗೆದು ಡಿಸ್ಕ್ ಬ್ರೇಕುಗಳನ್ನು ಹಾಕಿದರೆಂಬುದನ್ನು ನಾವು ಗಮನಿಸಬೇಕು.

ಇದಕ್ಕಿಂತಲೂ ಬೋಧಪ್ರದವಾದುದು ರಿಲಯಂಟ್ ಎಂಬ ಇನ್ನೊಂದು ಇಂಗ್ಲಿಷ್ ಸಂಸ್ಥೆಯ ನಡೆ. ತನ್ನ ಮೂರು ಚಕ್ರದ ಗಾಡಿಗಳಿಗೆ ಆಸ್ಟಿನ್ ಸೆವೆನ್ನಿನ ೭೪೭ ಘನ ಸೆಂಟಿಮೀಟರಿನ ಎಂಜಿನನ್ನು ಬಳಸುತ್ತಿದ್ದ ಆ ಸಂಸ್ಥೆಯು, ಆಸ್ಟಿನ್ನಿನವರು ಅದನ್ನು ನಿಲ್ಲಿಸಿದಾಗ ಅದೇ ಮಾದರಿಯದನ್ನು ತಾನೇ ತಯಾರಿಸಿಕೊಂಡಿತು. ಬಳಿಕ ೧೯೬೨ರಲ್ಲಿ ಸಂಪೂರ್ಣ ಅಲ್ಯೂಮಿನಿಯಮ್ಮಿನ ಹೊಸ ಎಂಜಿನನ್ನು ರೂಪಿಸಿತು. ಅದರ ಸಿಲಿಂಡರಿನ ವ್ಯಾಸ ೫೫.೮೮ ಮಿಲಿಮೀಟರು, ಪಿಸ್ಟನ್ನಿನ ಓಟ ೬೦.೯೬ ಮಿಲಿಮೀಟರು, ನಾಲ್ಕು ಸಿಲಿಂಡರುಗಳಿಂದ ಒಟ್ಟು ೫೯೮ ಘನ ಸೆಂಟಿಮೀಟರು. ಓಟವನ್ನು ಹಾಗೆಯೇ ಉಳಿಸಿ ವ್ಯಾಸವನ್ನು ೬೦.೫ಕ್ಕೆ ಏರಿಸಲು ೭೦೧ ಆಯಿತು, ೬೨.೫ಕ್ಕೆ ಏರಿಸಲು ೭೪೮ ಆಯಿತು. ವ್ಯಾಸವನ್ನು ಇನ್ನು ಹಿಗ್ಗಿಸುವ ಬದಲು ೧೯೭೫ರಲ್ಲಿ ಓಟವನ್ನು ೬೯.೦೯ಕ್ಕೆ ಉದ್ದಮಾಡಿದರು, ೮೪೮ ದೊರೆಯಿತು. ಎಂಜಿನು ಬೆಳೆದುದು ಬಹುಮಟ್ಟಿಗೆ ತನ್ನ ಒಳಗೇ. ಮನೆಯಲ್ಲಿ ಕಟ್ಟುವವನಿಗೆ ಈ ಸೌಕರ್ಯವಿಲ್ಲ. ಅವನು ಕೂಡಿಸುವುದು ಅನ್ಯ ಕುಲದ ಎಂಜಿನನ್ನು. ಆದುದರಿಂದ ಅದರ ಸುತ್ತಲಿನದೆಲ್ಲವನ್ನೂ ಅದಕ್ಕೆ ಹೊಂದಿಸಬೇಕಾಗುತ್ತದೆ.

ಬೆಂಗಳೂರಿನ ಸನ್‌ರೈಸ್ ಸಂಸ್ಥೆಯು (ಮುಂದೆ ಇದೇ ಸಿಪಾನಿ ಆಯಿತು) ೧೯೭೦ರ ದಶಕದ ನಡುವಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಗ್ಲಾಸ್ ಕಾರನ್ನು ಹೊರತಂದಿತು. ಹಿಂಭಾಗದಲ್ಲಿ ೧೯೮ ಘನ ಸೆಂಟಿಮೀಟರಿನ ಒಂಟಿ ಸಿಲಿಂಡರಿನ ಎಂಜಿನಿದ್ದಿತು. ಮುಂದೆ ನಿಜವಾದ ಕಾರಿನ ಶಕ್ತಿ ಬೇಕಾದಾಗ ಅವರು ಬಾದಲ್ಲಿಗೆ ದೊಡ್ಡ ಎಂಜಿನನ್ನು ತುರುಕಲಿಲ್ಲ. ರಿಲಯಂಟ್ ಕಿಟನ್ ಕಾರನ್ನು ಇಡಿಯಾಗಿ ಸ್ವೀಕರಿಸಿ ೧೯೮೨ರಲ್ಲಿ ಡಾಲ್ಫಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಮೇಲೆ ಹೇಳಿದ ೮೪೮ರ ಎಂಜಿನೇ ಇದರದು. ಆದರೆ ಅದರೊಡನೆ ಉಕ್ಕಿನ ಚೌಕಟ್ಟು, ಗೇರು ಪೆಟ್ಟಿಗೆ, ರೇಡಿಯೇಟರು, ಹಿಂದಿನ ಅಚ್ಚು ಎಲ್ಲವೂ ಆ ಎಂಜಿನಿಗೆಂದೇ ರೂಪಿತವಾದವು. ಡಾಲ್ಫಿನ್ನು ಮಾರುತಿಯ ಮುಂದೆ ನಿಲ್ಲಲಾರದೆ ಹೋದುದು ಬೇರೆಯ ಮಾತು. ಯಂತ್ರವಿಚಾರದಲ್ಲಿ ಅವರ ನಿರ್ಣಯವು ಸರಿಯಾದುದೆಂದೇ ನನ್ನ ಅಭಿಪ್ರಾಯ.

ಈಗ ಕೊಡಂಬಲದ ಗಾಡಿಯನ್ನು ನೋಡೋಣ. ಮಾರುತಿಯ ಎಂಜಿನು ಮೂರು ಸಿಲಿಂಡರಿನದು, ೭೯೬ ಘನ ಸೆಂಟಿಮೀಟರಿನದು, ಎಂದರೆ ಈಗಿರುವುದರ ಎಂಟು ಪಾಲು. ಮೋಟಾರ್ ಸೈಕಲ್ಲಿನ ಎಂಜಿನು ಗಾಳಿಯಿಂದ ತಣಿಯುತ್ತದೆ. ಇದಕ್ಕಾದರೋ ನೀರು, ರೇಡಿಯೇಟರು, ಫ್ಯಾನು ಬೇಕು. ಇದರ ಗೇರು ಪೆಟ್ಟಿಗೆ ಮುಂದಿನ ಚಕ್ರಗಳನ್ನು ತಿರುಗಿಸಲೆಂದು ಮಾಡಿದುದು. ಹಿಂದಿನ ಅಚ್ಚಿಗೆ ಚೈನು ಬಿಗಿದ ಗಾಡಿಗೆ ಅದು ನೇರವಾಗಿ ಕೂಡದು. ತೆಳುವಾದ ಕೊಳವೆಯ ಬೆಸುಗೆಗಳು ಎಂಜಿನಿನ ಭಾರವನ್ನು ನಿಂತಲ್ಲಿ ತಡೆದಾವು. ಕ್ಲಚ್ಚು ಹಿಡಿದ ಗಳಿಗೆಯ ತಿರುಚುಬಲವನ್ನು ತಡೆಯಲಾರವು. ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಬ್ರೇಕು. ಗಂಟೆಗೆ ೩೦ ಕಿಲೋಮೀಟರು ಓಡುತ್ತಿದ್ದ ಗಾಡಿ ೬೦ಕ್ಕೆ ಏರಿದರೆ, ತೂಕ ಅಷ್ಟೇ ಇದ್ದರೂ ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ತೂಕವೂ ಇಮ್ಮಡಿಯಾದರೆ ಎಂಟ್ಮಡಿ. ಆ ಹುಡುಗರ ಗಾಡಿಗೆ ಇದ್ದುದು ಹಿಂದಿನ ಅಚ್ಚಿಗೆ ಒಂದೇ ಡ್ರಮ್ಮು.

ಕಾನೂನಿನ ತೊಡಕೂ ಉಂಟು. ನೋಂದಣಿಯಿಲ್ಲದ ವಾಹನವು ಸಾರ್ವಜನಿಕ ರಸ್ತೆಗೆ ಇಳಿಯಕೂಡದು. ನೋಂದಣಿಯಾದ ವಾಹನವನ್ನಾದರೂ ತಯಾರಕನು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸಕೂಡದೆಂದು ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು ವಿಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಇದನ್ನು ಎತ್ತಿಹಿಡಿದಿದೆ. ಕೊಡಂಬಲದಿಂದ ಹುಮನಾಬಾದಿನ ಹೆದ್ದಾರಿಯವರೆಗೆ ಹೋಗಿಬರಬೇಕೆಂದು ಹುಡುಗರಿಗೆ ಆಸೆಯಿದ್ದಿತು. ಪುಣೆ-ಹೈದರಾಬಾದು ಲಾರಿಗಳು ಓಡುವ ಆ ದಾರಿಗೆ ಆ ಬ್ರೇಕಿನ ಗಾಡಿ ಇಳಿಯಬಾರದೆಂದು ಹೇಳಲು ನನಗೆ ಅಧಿನಿಯಮದ ಅಗತ್ಯವೂ ಕಾಣಲಿಲ್ಲ.

ಏರು ಹತ್ತಿಸುವ ಉಪಾಯ ಮಾತ್ರ ಬೇರೆಡೆ ಇದ್ದಿತು. ಎಂಜಿನಿನ ಕಡೆಯ ಹಲ್ಲುಚಕ್ರದಲ್ಲಿ ೧೪ ಹಲ್ಲು, ಅಚ್ಚಿನ ಕಡೆಯದರಲ್ಲಿ ೪೨ ಹಲ್ಲು, ಅನುಪಾತ ಮೂರು. ಅಚ್ಚಿಗೆ ೫೬ ಹಲ್ಲಿನದನ್ನು ಹಾಕಿದರೆ ಅನುಪಾತ ನಾಲ್ಕಾಗಿ, ಅದೇ ಎಂಜಿನಿನಿಂದ ಚಕ್ರಕ್ಕೆ ಮೂರನೆಯ ಒಂದು ಪಾಲು ಹೆಚ್ಚು ಎಳೆತ ದೊರೆಯುತ್ತದೆ. ವೇಗದಲ್ಲಿ ಕಾಲುಭಾಗ ಕಡಿಮೆಯಾಗುತ್ತದೆ. ಹುಡುಗರು ಹುಮನಾಬಾದಿನ ಮಿಸ್ತ್ರಿಯೊಬ್ಬರಿಂದ ಅದನ್ನು ಕೊರೆಯಿಸಿ ತಂದು ಹಾಕಿದರು. ಗಾಡಿಯು ಈಗ ಇಬ್ಬರನ್ನು ಹೊತ್ತು, ನಿಧಾನವಾಗಿಯಾದರೂ, ಹೊಲದ ಏರನ್ನು ಹತ್ತುತ್ತದೆ. ಎರಡನೆಯ ಬ್ರೇಕಿನ ಕೆಲಸ ಇನ್ನೂ ನಡೆದಿದೆ.